ಅಜ್ಜ ಯಾವ ಪಲ್ಟನ್‌ದಾಗ ಇದ್ದ? ಮಹಾಯುದ್ಧಕ್ಕ ಹೋದವರ ಜಾಡು ಹಿಡಿಯೋದು ಹೆಂಗ

ನಮ್ಮ ಮನ್ಯಾಗ ಎಲ್ಲಾರಿಗೂ ಬಾಯಿಪಾಠ ಆಗಿದ್ದ ಕಥಿ ಒಂದಿತ್ತು: ಅಜ್ಜ ಮರಾಠಾ ಪಲ್ಟನ್‌ದಾಗ ಇದ್ದ, ಬರ್ಮಾಕ್ಕ ಹೋಗಿ ಜಪಾನ್ಯಾರ ಜೋಡಿ ಲಡಾಯಿ ಮಾಡಿ ಬಂದ. ಹುಕ್ಕೇರಿ ತಾಲೂಕಿನ ನಮ್ಮೂರಾಗ ಇವತ್ತ ಕೇಳಿದ್ರೂ ಹಿಂಗ ಹೇಳ್ತಾರ. ನಾನೂ ಪುಣೇದಾಗ ನೌಕ್ರಿ ಮಾಡ್ಕೊಂತ ಇದನ್ನ ನಂಬ್ಕೊಂಡ ಕುಂತಿದ್ದೆ, ಒಂದು ದೀಪಾವಳಿಗೆ ಊರಿಗೆ ಹೋದಾಗ ಅಟ್ಟದ ಮ್ಯಾಲಿನ ಟ್ರಂಕಿನ ತಳದಾಗ ಒಂದು ಮೆಡಲ್ ಸಿಕ್ತು, ನಕ್ಷತ್ರದ ಆಕಾರ, ರಿಬ್ಬನ್ ಕೆಂಪು-ಬಿಳಿ-ಹಸಿರು-ಬಿಳಿ-ಕೆಂಪು. ಅದು ಬರ್ಮಾದ್ದಲ್ಲ. ಇಟಲಿದ್ದು.

ಆವಾಗ ಇನ್ನೊಂದು ನೆನಪಾತು. ಅಜ್ಜ ಹೊಲದಾಗ ಎತ್ತು ಹೊಡಿಯುವಾಗ "ಅವಾಂತಿ, ಅವಾಂತಿ" ಅಂತ ಒದರ್ತಿದ್ದ, ಊರ ಹುಡುಗ್ರೆಲ್ಲ ಅದು ಎತ್ತಿನ ಹೆಸರು ಅಂತ ತಿಳ್ಕೊಂಡಿದ್ರು, ನಮ್ಮಪ್ಪನೂ ಹಂಗ ತಿಳ್ಕೊಂಡಿದ್ದ. ಇಟಾಲಿಯನ್ ಭಾಷೆದಾಗ ಅವಾಂತಿ ಅಂದ್ರ ಮುಂದ ನಡಿ ಅಂತ. ಸಾಕ್ಷಿ ನಮ್ಮ ಹೊಲದಾಗ ದಿನಾ ಕೂಗ್ತಿತ್ತು, ಕೇಳೋರು ಯಾರೂ ಇದ್ದಿಲ್ಲ.

ಅಲ್ಲಿಂದ ಎರಡು ವರ್ಷ ಹುಡುಕಿದ್ದೀನಿ, ಸಾಕಷ್ಟು ತಪ್ಪೂ ಮಾಡೀನಿ, ಅದನ್ನೆಲ್ಲ ಇಲ್ಲೆ ಬರದಿಡ್ತೀನಿ, ನಿಮ್ಮ ಮನ್ಯಾಗ ಇಂಥಾ ಅಜ್ಜನೋ ಮುತ್ತಜ್ಜನೋ ಇದ್ರ ಉಪಯೋಗ ಆಗ್ಲಿ ಅಂತ. ಇದ್ದೇ ಇರ್ತಾರ ಬಿಡ್ರಿ. ಎರಡನೇ ಮಹಾಯುದ್ಧದಾಗ ನಮ್ಮ ಫೌಜು 25 ಲಕ್ಷದ ತನಕ ಬೆಳದಿತ್ತು, ಸತ್ತವರು ಸುಮಾರು 87,000. ಅಂದ್ರ ಬಹಳ ಮಂದಿ ಜೀವಂತ ಊರಿಗೆ ಬಂದ್ರು. ಒಂದು ವಿಚಿತ್ರ ನೋಡ್ರಿ, ಸತ್ತವರ ಹೆಸರು ಹತ್ತು ನಿಮಿಷದಾಗ ಸಿಗತೈತಿ, ಉಳದು ಬಂದವರದ್ದ ಸಿಗೋದು ಕಷ್ಟ.

ಮೊದಲ ಕಂಪ್ಯೂಟರ್ ಮುಟ್ಟಬ್ಯಾಡ್ರಿ. ಮನ್ಯಾಗಿನ ಹಿರೇರ ಮುಂದ ಕುಂದ್ರಿ, ಫೋನಿನ್ಯಾಗ ರೆಕಾರ್ಡಿಂಗ್ ಹಚ್ಚಿ ಇಡ್ರಿ. "ಯಾವ ರೆಜಿಮೆಂಟ್" ಅಂತ ಕೇಳಿದ್ರ ಎಲ್ಲಾರೂ ಬಾಯಿಗೆ ಬಂದಿದ್ದು ಹೇಳ್ತಾರ, ಅದಕ್ಕ ಅಡ್ಡ ಪ್ರಶ್ನೆ ಕೇಳ್ರಿ: ಭರ್ತಿ ಆಗಾಕ ಯಾವ ಊರಿಗೆ ಹೋಗಿದ್ದ, ಹಡಗ ಹತ್ತಿದ್ದು ಮುಂಬೈದಾಗೋ ಬ್ಯಾರೆ ಕಡೆನೋ, ಅಲ್ಲೆ ಮಳಿ ಇತ್ತೋ ಥಂಡಿ ಇತ್ತೋ, ಮನಿಆರ್ಡರ್ ಯಾರ ಹೆಸರಿಗೆ ಬರ್ತಿತ್ತು, ಯಾವ ಪದಾರ್ಥ ನೋಡಿದ್ರ ಮಾರಿ ಕಿವಚ್ತಿದ್ದ. ನಮ್ಮತ್ತಿ ತೊಂಬತ್ತರ ಹತ್ರ ಬಂದಾಳ, ಆಕಿ ಹೇಳಿದ್ಲು, "ಗಾಡಿ ಮ್ಯಾಲೆ ಹತ್ತಿ ಸುರದಂಗ ಬರ್ಫ ಬೀಳ್ತಿತ್ತು, ಬೆಳಿಗ್ಗೆ ಇಂಜಿನ್‌ಗೆ ಬೆಂಕಿ ತೋರ್ಸಿ ಚಾಲೂ ಮಾಡ್ತಿದ್ವಿ ಅಂತಿದ್ದ ನಮ್ಮಪ್ಪ." ಒಂದ ವಾಕ್ಯದಾಗ ಎರಡು ಮಾಹಿತಿ ಬಂತು, ಬರ್ಫ ಐತಿ, ಮತ್ತ ಗಾಡಿ ಐತಿ. ಮರಾಠಾ ಪಲ್ಟನ್ನಿನ ಸಿಪಾಯಿ ಇಂಜಿನ್ ಯಾಕ ಚಾಲೂ ಮಾಡ್ತಾನ? ನಾ ಆವತ್ತ ಇದನ್ನ ವಿಚಾರ ಮಾಡಿದ್ರ ಏಳು ತಿಂಗಳು ಉಳೀತಿತ್ತು. ಮಾಡಲಿಲ್ಲ.

ಆಮ್ಯಾಲೆ ಟ್ರಂಕು, ದೇವರ ಕೋಣಿ ಕಪಾಟು, ಹಳೇ ರೇಷನ್ ಕಾರ್ಡಿನ ಚೀಲ. ಹುಡುಕೋದು ಮುಖ್ಯವಾಗಿ ಡಿಸ್ಚಾರ್ಜ್ ಸರ್ಟಿಫಿಕೇಟು. ಅದರಾಗ ಸರ್ವಿಸ್ ನಂಬರು, ಕೋರು (ಅಂದ್ರ ಫೌಜಿನ ಯಾವ ವಿಭಾಗ), ಭರ್ತಿ ತಾರೀಖು, ಊರು, ಜಾತಿ, ಮೈಮ್ಯಾಲಿನ ಗುರುತು, ಮೆಡಲ್ ಎಲ್ಲ ಇರತಾವ. ಅದು ಸಿಕ್ರ ಅರ್ಧ ಕೆಲಸ ಮುಗೀತು. ನಮ್ಮಲ್ಲೆ ಒರಲಿ ತಿಂದಿತ್ತು. ಪತ್ರ ಇದ್ರ ಫೀಲ್ಡ್ ಪೋಸ್ಟ್ ಆಫೀಸಿನ ಠಸ್ಸೆ ನೋಡ್ರಿ, ಎಫ್‌ಪಿಓ ಅಂತ ಬರದು ಮುಂದ ನಂಬರ್ ಇರತೈತಿ, ಆ ನಂಬರಿನ ಪೋಸ್ಟ್ ಆಫೀಸ್ ಆ ತಿಂಗಳು ಯಾವ ದೇಶದಾಗ ಇತ್ತು ಅನ್ನೋದನ್ನ ಸ್ಟ್ಯಾಂಪ್ ಕೂಡಸೋ ಮಂದಿ ಪಟ್ಟಿ ಮಾಡಿ ಇಟ್ಟಾರ. ಫೋಟೋ ಇದ್ರ ತೋಳಿನ ಮ್ಯಾಲಿನ ಬಿಲ್ಲೆ ನೋಡ್ರಿ. ಕೆಂಪು ಗರುಡ ಅಂದ್ರ 4ನೇ ಇಂಡಿಯನ್ ಡಿವಿಜನ್, ಆಫ್ರಿಕಾ, ಇಟಲಿ. ಕರೀ ಬೆಕ್ಕು ಅಂದ್ರ 17ನೇದು, ಬರ್ಮಾ. ಜಗಳದ ಹುಂಜ ಇದ್ರ 23ನೇದು, ಅದೂ ಬರ್ಮಾದ ಕಡೀದ. ಫೋಟೋದ ಹಿಂಭಾಗ ಸ್ಟುಡಿಯೋ ಠಸ್ಸೆ ಇದ್ರ ಅದನ್ನೂ ಬಿಡಬ್ಯಾಡ್ರಿ.

ಈಗ ಮೆಡಲ್ ವಿಷಯ, ಇಲ್ಲೆ ಸ್ವಲ್ಪ ನಿಂತ ಹೇಳ್ತೀನಿ ಯಾಕಂದ್ರ ಬಹಳ ಮನ್ಯಾಗ ಕಾಗದ ಹೋದ್ರೂ ಇದೊಂದು ಉಳದಿರತೈತಿ. ದಯಮಾಡಿ ಹುಣಸೆಹಣ್ಣು ಹಚ್ಚಿ ತಿಕ್ಕಬ್ಯಾಡ್ರಿ! ನಮ್ಮ ಚಿಗವ್ವ ಹಬ್ಬದ ಪಾತ್ರಿ ಜೋಡಿ ಇದನ್ನೂ ತಿಕ್ಕಾಕ ತಯಾರಾಗಿದ್ಲು. ಬ್ರಿಟಿಷ್ ಸೈನಿಕರಿಗೆ ಎರಡನೇ ಯುದ್ಧದ ಮೆಡಲ್ ಕೊಡುವಾಗ ಹೆಸರು ಒತ್ತಲಿಲ್ಲ, ಆದ್ರ ನಮ್ಮವರಿಗೆ ಕೊಟ್ಟಿದ್ರ ಮ್ಯಾಲೆ ಒತ್ಯಾರ: ನಕ್ಷತ್ರ ಆದ್ರ ಹಿಂಭಾಗದಾಗ, ದುಂಡಂದು ಆದ್ರ ಅಂಚಿನ ಮ್ಯಾಲೆ, ನಂಬರು, ದರ್ಜೆ, ಹೆಸರು, ಯೂನಿಟ್ಟು. ಸವದು ಹೋಗಿದ್ರ ಕಿಡಕಿ ಹತ್ರ ಅಡ್ಡ ಬೆಳಕಿನ್ಯಾಗ ಹಿಡೀರಿ, ಇಲ್ಲಾ ರಾತ್ರಿ ಲೈಟ್ ಆರಿಸಿ ಮೊಬೈಲಿನ ಬ್ಯಾಟ್ರಿ ಪಕ್ಕದಿಂದ ಬಿಡ್ರಿ, ಅಕ್ಷರದ ನೆರಳು ಬೀಳತಾವ. ನಾ ಹಂಗ ಓದಿದ್ದು, ಒಂದೊಂದ ಅಕ್ಷರ, ನಂಬರಿನ ಮುಂದ ಡಿವಿಆರ್ ಅಂತ, ಕಡೀಕ ಆರ್-ಐ-ಎ-ಎಸ್-ಸಿ ಅಂತ. ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್. ಡ್ರೈವರ್. ಅಜ್ಜ ಲಾರಿ ಹೊಡೀತಿದ್ದ.

ರಿಬ್ಬನ್ ಬಣ್ಣದಿಂದ ದೇಶ ಗೊತ್ತಾಗತೈತಿ. ಬರ್ಮಾ ಸ್ಟಾರ್ ಅಂದ್ರ ನಡುವ ಅಗಲ ಕೆಂಪು ಪಟ್ಟಿ, ಎರಡೂ ಕಡೆ ನೀಲಿ, ಆ ನೀಲಿ ನಡುವ ಕಿತ್ತಳಿ ಗೆರಿ. ಆಫ್ರಿಕಾ ಸ್ಟಾರ್ ಉಸುಕಿನ ಬಣ್ಣ, ನಡುವ ಕೆಂಪು, ಆಚೀಚೆ ಒಂದು ದಟ್ಟ ನೀಲಿ ಒಂದು ತಿಳಿ ನೀಲಿ. ಇಟಲಿದ್ದು ಮೊದಲ ಹೇಳೀನಿ, 1943ರ ಜೂನ್ 11ರಿಂದ 1945ರ ಮೇ 8ರ ನಡುವ ಅಲ್ಲಿದ್ದವರಿಗೆ ಕೊಟ್ಟಿದ್ದು. ಆದ್ರ ರಿಬ್ಬನ್ ಒಂದನ್ನ ನಂಬಬ್ಯಾಡ್ರಿ, ಹರದು ಹೋಗಿ ಬ್ಯಾರೆ ಮೆಡಲಿಂದು ಹೊಲದಿರ್ತಾರ; ನಕ್ಷತ್ರದ ಮ್ಯಾಲೆ ದೇಶದ ಹೆಸರು ಅಚ್ಚಿನ್ಯಾಗ ಬಂದಿರತೈತಿ, ಅದನ್ನ ಓದ್ರಿ. ಬರೇ ದುಂಡಂದು ಇದ್ದು ನಕ್ಷತ್ರ ಇಲ್ಲಂದ್ರ ದೇಶದ ಒಳಗ ಡ್ಯೂಟಿ ಮಾಡಿರಬಹುದು. ಅದರಾಗ ನಾಚಿಕಿ ಪಡೋದೇನೂ ಇಲ್ಲ, ಪುಣೇದ ಖಡಕಿ ಡಿಪೋದಾಗ ಪೆಟ್ಟಿಗಿ ತುಂಬಿದವರೂ ಸೈನಿಕರ.

ಹೆಸರಿಂದು ದೊಡ್ಡ ರಗಳೆ. ನಮ್ಮ ಕನ್ನಡದ ಹೆಸರು ಬರಕೊಂಡವ ಕನ್ನಡ ಬರೋ ಕಾರಕೂನ ಇದ್ದಿಲ್ಲ, ಕಿವಿಗೆ ಬಿದ್ದಂಗ ಇಂಗ್ಲಿಷ್‌ದಾಗ ಬರದಾನ. ನಿಂಗಪ್ಪ ಹೋಗಿ ಲಿಂಗಾಪಾ ಆಗಿರತಾನ, ಬಸಪ್ಪ ಬಸವಾಪಾ, ಯಲ್ಲಪ್ಪ ಎಲಾಪಾ. ಒಂದ ಪಿ ಹಾಕಿ, ಎರಡು ಪಿ ಹಾಕಿ, ಅಪ್ಪ ತಗದು ಬರೇ ನಿಂಗ ಅಂತ ಹಾಕಿ, ಎಲ್ಲಾ ನಮೂನಿ ಹುಡುಕ್ರಿ. ಅಡ್ಡಹೆಸರು ಒಮ್ಮೊಮ್ಮೆ ಇರೋದ ಇಲ್ಲ, ಅಪ್ಪನ ಹೆಸರ ಎರಡನೇದಾಗಿ ಬಂದಿರತೈತಿ. ಊರಿನ ಹೆಸರಿಂದೂ ಇದ ಹಣೇಬರಹ. ಆಗ ನಮ್ಮ ಬೆಳಗಾವಿ, ಧಾರವಾಡ, ವಿಜಾಪುರ ಮುಂಬೈ ಪ್ರಾಂತ್ಯದಾಗ ಇದ್ವು, ತಾಲೂಕಿನ ಹೆಸರೂ ಬ್ಯಾರೆ: ಸವದತ್ತಿ ಹುಡುಕಿದ್ರ ಸಿಗೂದಿಲ್ಲ, ಪರಸಗಡ ತಾಲೂಕು ಅಂತಿರತೈತಿ, ಬೈಲಹೊಂಗಲ ಕಡೆಯವರು ಸಂಪಗಾಂವ್ ತಾಲೂಕಿನ್ಯಾಗ. ಬಾಗಲಕೋಟ ವಿಜಾಪುರ ಜಿಲ್ಲೆದಾಗ, ಗದಗ ಧಾರವಾಡದಾಗ. ಜಮಖಂಡಿ, ಮುಧೋಳ, ರಾಮದುರ್ಗ ಅಂತೂ ಬ್ಯಾರೆ ಸಂಸ್ಥಾನಗಳು. ಹಳೇ ಮೈಸೂರಿನವರಾದ್ರ ಮೈಸೂರು ಸಂಸ್ಥಾನದ ಸ್ವಂತ ಸೈನ್ಯದಾಗ ಇದ್ರೋ ಏನೋ ಅದನ್ನೂ ನೋಡ್ಬೇಕು, 1918ರ ಸೆಪ್ಟೆಂಬರ್ 23ಕ್ಕ ಹೈಫಾದಾಗ ಜೋಧಪುರದವರ ಜೋಡಿ ಕುದುರಿ ಓಡಿಸಿದ್ದು ಮೈಸೂರು ಲ್ಯಾನ್ಸರ್ಸ್, ಅವರ ಕಾಗದ ಹುಡುಕೋದು ಬೆಂಗಳೂರಿನ ರಾಜ್ಯ ಪತ್ರಾಗಾರದಿಂದ ಚಾಲೂ ಮಾಡ್ಬೇಕು.

ಸರಿ, ನಂಬರು, ಕೋರು ಸಿಕ್ತು ಅಂದ್ಕೊಳ್ರಿ. ಸಿಪಾಯಿಗಳ ದಾಖಲೆ ದಿಲ್ಲಿದಾಗ ಒಂದ ಕಡೆ ಕೂಡಿಸಿ ಇಟ್ಟಿಲ್ಲ, ಪ್ರತಿ ರೆಜಿಮೆಂಟಿಗೂ ಕೋರಿಗೂ ತಂದ ಒಂದು ರೆಕಾರ್ಡ್ ಆಫೀಸ್ ಐತಿ. ಮರಾಠಾ ಲೈಟ್ ಇನ್‌ಫಂಟ್ರಿದು ಬೆಳಗಾವಿದಾಗ, ಬಾಂಬೆ ಸ್ಯಾಪರ್ಸ್‌ದು (ಫೌಜಿನ ಇಂಜಿನಿಯರ್ ಪಡೆ) ಇಲ್ಲೇ ನಮ್ಮ ಖಡಕಿದಾಗ, ಮದ್ರಾಸ್ ಸ್ಯಾಪರ್ಸ್‌ದು ಬೆಂಗಳೂರಾಗ, ತೋಪಖಾನೆದು ನಾಸಿಕ್ ರೋಡಿನ್ಯಾಗ, ಸಿಗ್ನಲ್ಸ್‌ದು ಜಬಲ್ಪುರದಾಗ, ನಮ್ಮಜ್ಜನ ಸರ್ವಿಸ್ ಕೋರ್ ಈಗ ಎಎಸ್‌ಸಿ ಆಗೈತಿ, ಅದರ ದಕ್ಷಿಣದ ರೆಕಾರ್ಡ್ಸ್ ಬೆಂಗಳೂರಾಗ. ನಾ ಏನ್ ಮಾಡಿದೆ ಕೇಳ್ರಿ. ಮೆಡಲಿನ ಹಿಂಭಾಗ ಓದೋಕಿಂತ ಮೊದಲ, ಮನಿ ಕಥಿ ನಂಬಿ, ಮರಾಠಾ ಪಲ್ಟನ್ ಅಂತ ಹೇಳಿ ತಪ್ಪು ಆಫೀಸಿಗೆ ರಜಿಸ್ಟರ್ಡ್ ಪತ್ರ ಹಾಕಿದೆ. ಏಳು ತಿಂಗಳ ಮ್ಯಾಲೆ "ಈ ಹೆಸರಿನವ ನಮ್ಮಲ್ಲಿಲ್ಲ" ಅಂತ ಎರಡು ಸಾಲು ಬಂತು. ಅವರದೇನ ತಪ್ಪು, ಇಲ್ಲದವನ್ನ ಎಲ್ಲಿಂದ ತರ್ತಾರ.

ಪತ್ರದಾಗ ಇಷ್ಟು ಬರೀರಿ: ಸರ್ವಿಸ್ ನಂಬರು, ದರ್ಜೆ, ಎಲ್ಲಾ ನಮೂನಿ ಸ್ಪೆಲ್ಲಿಂಗಿನ ಹೆಸರು, ಅಪ್ಪನ ಹೆಸರು, ಆಗಿನ ಊರು ತಾಲೂಕು ಜಿಲ್ಲೆ, ಅಂದಾಜು ಭರ್ತಿ ವರ್ಷ, ನೀವು ಅವರಿಗೆ ಏನಾಗ್ಬೇಕು. ಮರಣ ಪ್ರಮಾಣಪತ್ರ, ನಿಮ್ಮ ಸಂಬಂಧ ತೋರ್ಸೋ ಕಾಗದದ ಝೆರಾಕ್ಸ್ ಹಚ್ಚಿ ಕಳಸ್ರಿ. ಪತ್ರಕ್ಕ ಉತ್ತರ ಬರಲಿಲ್ಲಂದ್ರ ಆರ್‌ಟಿಐ ಹಾಕಬಹುದು, ಹತ್ತು ರೂಪಾಯಿ ಫೀ, 30 ದಿನದ ಗಡುವು. ಮೊದಲ ಆರ್‌ಟಿಐ ಹಾಕಬ್ಯಾಡ್ರಿ ಅಂತ ನಾ ಹೇಳ್ತೀನಿ, ಸೌಮ್ಯವಾಗಿ ಬರದ್ರ ಕೆಲವು ಸಲ ಅಲ್ಲಿ ಕುಂತ ಹವಾಲ್ದಾರ್ ಸಾಹೇಬ್ರು ತಾವಾಗಿ ಇನ್ನೂ ಎರಡು ರಿಜಿಸ್ಟರ್ ತಗದು ನೋಡ್ತಾರ.

ಒಂದು ಮಾತ್ರ ಮೊದಲ ತಿಳ್ಕೊಂಡಿರಿ, ಆಮ್ಯಾಲೆ ನಿರಾಶೆ ಆಗಬಾರ್ದು. ಯುದ್ಧ ಮುಗದ ಮ್ಯಾಲೆ ಪೆನ್ಶನ್ ಇಲ್ಲದ ಮನಿಗೆ ಬಂದವರ ಪೂರ್ತಿ ಫೈಲು, ಅಂದ್ರ ಶೀಟ್ ರೋಲು, 25 ವರ್ಷ ಇಟ್ಟು ಆಮ್ಯಾಲೆ ನಾಶ ಮಾಡೋ ನಿಯಮ ಐತಿ. ಉಳಿಯೋದು ಲಾಂಗ್ ರೋಲ್ ಅನ್ನೋ ದೊಡ್ಡ ರಿಜಿಸ್ಟರಿನ ಒಂದು ಸಾಲು: ನಂಬರು, ಹೆಸರು, ಭರ್ತಿ ಆದ ದಿನ, ಬಿಟ್ಟ ದಿನ, ಯಾಕ ಬಿಟ್ಟ. ಅದಕ್ಕ ಪತ್ರದಾಗ "ಲಾಂಗ್ ರೋಲ್‌ದಾಗ ಇದ್ದದ್ದನ್ನ ಕೊಡ್ರಿ" ಅಂತ ಹೆಸರು ಹಿಡದು ಕೇಳ್ರಿ. ಬರೇ ಸರ್ವಿಸ್ ರೆಕಾರ್ಡ್ ಕೊಡ್ರಿ ಅಂದ್ರ "ನಾಶ ಆಗೈತಿ" ಅಂತ ಒಂದ ಸಾಲಿನ್ಯಾಗ ಮುಗಸ್ತಾರ.

ಇನ್ನ ಯಾರೂ ಹೇಳದ ಒಂದು ಜಾಗ: ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ. ಎರಡನೇ ಯುದ್ಧದಾಗ ಇದ್ದು ಪೆನ್ಶನ್ ಸಿಗದವರಿಗೆ, ಅವರ ವಿಧವೆಯರಿಗೆ ರಾಜ್ಯ ಸರ್ಕಾರ ತಿಂಗಳಿಗೆ ಇಷ್ಟು ಅಂತ ಗೌರವಧನ ಕೊಡ್ತೈತಿ, ಕರ್ನಾಟಕದಾಗೂ ಐತಿ, ಮಹಾರಾಷ್ಟ್ರದಾಗೂ ಐತಿ. ಅದಕ್ಕ ಅರ್ಜಿ ಹಾಕುವಾಗ ಡಿಸ್ಚಾರ್ಜ್ ಸರ್ಟಿಫಿಕೇಟಿನ ಕಾಪಿ ಹಚ್ಚಿರ್ತಾರ! ನಮ್ಮ ಅಜ್ಜಿ ಅರ್ಜಿ ಹಾಕಿದ್ದು ನಮ್ಮತ್ತಿಗೆ ನೆನಪಿತ್ತು. ಬೆಳಗಾವಿ ಆಫೀಸಿನ ಅಟ್ಟದಿಂದ ಫೈಲ್ ಇಳಿಸಿಕೊಟ್ಟ ಪುಣ್ಯಾತ್ಮಗ ಕೈ ಮುಗದೆ. ಝೆರಾಕ್ಸಿನ ಝೆರಾಕ್ಸು, ಅರ್ಧ ಕರ್ರಗ, ಆದ್ರ ಗುರುತಿನ ಕಾಲಂದಾಗ ಓದಾಕ ಬರ್ತಿತ್ತು: ಎಡ ಹುಬ್ಬಿನ ಮ್ಯಾಲೆ ಗಾಯದ ಕಲೆ. ಮನ್ಯಾಗ ಎಲ್ಲಾರೂ ಅದನ್ನ ಗುಂಡಿನ ಗಾಯ ಅಂತಿದ್ರು. ಭರ್ತಿ ದಿನಾನ ಇತ್ತು ಅಂದ್ರ ಗುಂಡು ಎಲ್ಲಿಂದ ಬಂತು. ಅತ್ತಿಗೆ ಫೋನ್ ಮಾಡಿದ್ರ ನಕ್ಕಳು, "ಎತ್ತು ಹಾದದ್ದು, ನನಗ ಗೊತ್ತಿತ್ತು, ನೀವ ಕೇಳಲಿಲ್ಲ."

ಹಂಗಾದ್ರ ಬರ್ಮಾ ಎಲ್ಲಿಂದ ಬಂತು? ಸುಳ್ಳು ಯಾರೂ ಹೇಳಿರಲಿಲ್ಲ, ಅದು ಬ್ಯಾರೆಯವನ ಕಥಿ. ಅಜ್ಜನ ದೊಡ್ಡಪ್ಪನ ಮಗ ಒಬ್ಬ ಇದ್ದ, ಇಬ್ಬರೂ ಬೆನ್ನಾಬೆನ್ನಿ ಭರ್ತಿ ಆಗಿದ್ರು, ಅವ ಮರಾಠಾಕ್ಕ ಹೋದ, ತಿರುಗಿ ಬರಲಿಲ್ಲ. ವರ್ಷ ಹೋದಂಗ ಇಬ್ಬರ ಕಥಿ ಕೂಡಿ ಒಬ್ಬನ ಕಥಿ ಆತು, ಬಂದವನ ಹೆಸರು, ಬರದವನ ಲಡಾಯಿ. ನಿಮ್ಮ ಮನ್ಯಾಗೂ ಹಿಂಗ ಆಗಿರಬಹುದು, ಅದಕ್ಕ ಒಬ್ಬನ ಹಿಂದ ಬೀಳಬ್ಯಾಡ್ರಿ, ಆ ಪೀಳಿಗಿದಾಗ ಫೌಜಿಗೆ ಹೋದವರ ಎಲ್ಲಾರ ಪಟ್ಟಿ ಮಾಡ್ರಿ.

ತೀರಕೊಂಡವರನ್ನ ಹುಡುಕೋದು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ದ ವೆಬ್‌ಸೈಟಿನ್ಯಾಗ, ಪುಕ್ಕಟೆ. ಎರಡೂ ಯುದ್ಧ ಕೂಡಿ 17 ಲಕ್ಷ ಹೆಸರು. 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31, ಮತ್ತ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31, ಈ ನಡುವ ಸರ್ವಿಸಿನ್ಯಾಗ ತೀರಕೊಂಡವರು, ಗುಂಡು ಬಿದ್ದೇ ಆಗ್ಬೇಕಂತಿಲ್ಲ, ದವಾಖಾನಿದಾಗ ಜ್ವರ ಬಂದು ಹೋದವರೂ ಅದಾರ. ಹೆಸರಿನ್ಯಾಗ ಸಿಗಲಿಲ್ಲಂದ್ರ ರೆಜಿಮೆಂಟ್ ಆರಿಸಿ, ಹೆಚ್ಚಿನ ಮಾಹಿತಿ ಅನ್ನೋ ಜಾಗದಾಗ ಬೆಳಗಾಂವ್ ಅಂತ ಹಾಕ್ರಿ, ಅಪ್ಪನ ಹೆಸರು, ಊರು ಅಲ್ಲೇ ಇರತೈತಿ. ಮರಾಠಾ ಅನ್ನೋದನ್ನ ಆಗ ನಡುವ ಒಂದು ಎಚ್ ಸೇರಿಸಿ ಮಹ್ರಾಟ್ಟಾ ಅನ್ನೋ ಹಂಗ ಬರೀತಿದ್ರು, ಹಂಗ ಟೈಪ್ ಮಾಡ್ರಿ. ನನಗ ಅವ ನಾಲ್ಕನೇ ಸ್ಪೆಲ್ಲಿಂಗಿಗೆ ಸಿಕ್ಕ. 5ನೇ ಮರಾಠಾದ 4ನೇ ಬೆಟಾಲಿಯನ್, 1944ರ ಮಾರ್ಚ್, ರಂಗೂನ್ ಮೆಮೋರಿಯಲ್. ಕೆಳಗ ಇಂಥವನ ಮಗ, ಇಂಥಾ ಊರು, ಇಂಥಾಕಿಯ ಗಂಡ ಅಂತ. ಆಕಿ ಹೆಸರು ನಮ್ಮ ಮನ್ಯಾಗ ಯಾರಿಗೂ ಗೊತ್ತಿದ್ದಿಲ್ಲ. ಅತ್ತಿ ಬಹಳ ಹೊತ್ತು ಸುಮ್ನ ಕುಂತು ಆಮ್ಯಾಲೆ ಹೇಳಿದ್ಲು, ತಾರ ಬಂದ ಮ್ಯಾಲೆ ಆಕಿನ್ನ ತವರಿನವರು ಬಂದು ಕರಕೊಂಡ ಹೋದ್ರು, ಮದುವಿ ಆಗಿ ವರ್ಷನೂ ಆಗಿರಲಿಲ್ಲ ಅಂತ.

ಬೆಟಾಲಿಯನ್, ತಿಂಗಳು ಎರಡೂ ಸಿಕ್ರ ಲಡಾಯಿ ತಾನ ಸಿಗತೈತಿ. ಆ ಮಾರ್ಚ್ ಕಡೀಕ 4ನೇ ಮರಾಠಾ ಮಣಿಪುರದ ಸಾಂಗ್‌ಶಾಕ್ ಗುಡ್ಡದಾಗ 50ನೇ ಪ್ಯಾರಾಶೂಟ್ ಬ್ರಿಗೇಡ್ ಜೋಡಿ ಜಪಾನ್ಯಾರನ್ನ ತಡದು ನಿಂತಿತ್ತು. ದಿನದಿನದ ವಿವರಕ್ಕ ವಾರ್ ಡೈರಿ ಬೇಕು, ಅಂದ್ರ ಪಲ್ಟನ್‌ದವರು ಲಡಾಯಿದಾಗ ದಿನಾ ಬರದಿಟ್ಟ ದಿನಚರಿ, ಲಂಡನ್ನಿನ ಕ್ಯೂ ಅನ್ನೋ ಜಾಗದಾಗಿರೋ ನ್ಯಾಶನಲ್ ಆರ್ಕೈವ್ಸ್‌ದಾಗ ಅದಾವ: ಬರ್ಮಾ ಕಡೀದು ಡಬ್ಲ್ಯೂಓ (ವಾರ್ ಆಫೀಸ್ ಕಾಗದದ ಸರಣಿ) 172, ಮಿಡ್ಲ್ ಈಸ್ಟ್‌ದು ಡಬ್ಲ್ಯೂಓ 169, ಇಟಲಿದು ಡಬ್ಲ್ಯೂಓ 170, ಮೊದಲನೇ ಯುದ್ಧದ್ದು ಡಬ್ಲ್ಯೂಓ 95. ಕ್ಯಾಟಲಾಗ್ ಮನ್ಯಾಗ ಕುಂತ ನೋಡಬಹುದು. ಡೈರಿದಾಗ ಸಿಪಾಯಿ ಹೆಸರು ಸಿಗೋದು ಅಪರೂಪ, ಸಾಹೇಬ್ರ ಹೆಸರ ಇರತಾವ, ನಮ್ಮವರು ಬರೇ ಇಷ್ಟು ಮಂದಿ ಅನ್ನೋ ಅಂಕಿ. ಶೌರ್ಯ ಪದಕ ಸಿಕ್ಕಿದ್ರ ಮಾತ್ರ ಡಬ್ಲ್ಯೂಓ 373ರಾಗ ಶಿಫಾರಸು ಪತ್ರ ಪೂರ್ತಿ ಸಿಗಬಹುದು.

ಖಡಕಿ ವಾರ್ ಸೆಮೆಟರಿ ನಮ್ಮ ಪುಣೆಯವರಿಗೆ ಹತ್ರ, ಹೋಗಿ ಬರ್ರಿ, ಆದ್ರ ನಿಮ್ಮಜ್ಜನ ಹೆಸರಿನ ಕಲ್ಲು ಸಿಗತೈತಿ ಅಂತ ಆಶಾ ಇಟ್ಕೊಂಡು ಹೋಗಬ್ಯಾಡ್ರಿ. ನಾ ಒಂದು ಭಾನುವಾರ ಬೆಳಿಗ್ಗೆ ಹೋಗಿ ಸಾಲುಸಾಲು ಓದಿದೆ. ಎರಡನೇ ಯುದ್ಧದ 1,668 ಗೋರಿ ಅಲ್ಲೆ ಅದಾವ, ಪಶ್ಚಿಮ, ಮಧ್ಯ ಭಾರತದ ಹಳೇ ಸ್ಮಶಾನದಿಂದ ತಂದು ಇಟ್ಟಿದ್ದು. ಮುಂಬೈ ಶಿವಡಿ ಸ್ಮಶಾನದಾಗಿದ್ದ ಮೊದಲನೇ ಯುದ್ಧದ 629 ಮಂದಿದು 1962ರಾಗ ಇಲ್ಲಿಗೆ ಬಂತು. ನಮ್ಮ ಹಿಂದೂ ಸಿಪಾಯಿಗಳನ್ನ ಸುಟ್ಟಿದ್ದು, ಗೋರಿ ಎಲ್ಲಿಂದ ಬರಬೇಕು, ಅವರ ಹೆಸರು ಗ್ವಾಡಿ ಮ್ಯಾಲೆ ಇಲ್ಲಾ ಪುಸ್ತಕದಾಗ: ರಂಗೂನ್, ಸಿಂಗಾಪುರ, ಇಂಫಾಲದ ದಹನ ಸ್ಮಾರಕ, ಇಟಲಿದಾಗ ಸಾಂಗ್ರೋ ನದಿ ದಂಡಿದು.

ಮುಂಬೈದಾಗ ಇರೋ ಕರಾವಳಿಯವರಿಗೆ ಒಂದ ಮಾತು. ನಿಮ್ಮ ಕಡೆ ಫೌಜಿಗಿಂತ ಹಡಗಿಗೆ ಹೋದವರ ಹೆಚ್ಚು, ಅವರ ದಾಖಲೆ ಆರ್ಮಿ ಆಫೀಸಿನ್ಯಾಗ ಹುಡುಕಬ್ಯಾಡ್ರಿ. ಮಸ್ಜಿದ್ ಬಂದರ್ ಕಡೆ ಸೇಲರ್ಸ್ ಹೋಮಿನ್ಯಾಗ ನಾವಿಕರ ಸ್ಮಾರಕ ಐತಿ, ಮೊದಲನೇ ಯುದ್ಧದ್ದ 2,000ಕ್ಕಿಂತ ಹೆಚ್ಚು ಹೆಸರು, ಎರಡನೇದರಾಗ ನೌಕಾಪಡೆ, ವ್ಯಾಪಾರಿ ಹಡಗು ಕೂಡಿ 6,000ದ ಮ್ಯಾಲೆ. ಕಮಿಷನ್ ಸೈಟಿನ್ಯಾಗೂ ಈ ಹೆಸರು ಬರತಾವ.

ಮೊದಲನೇ ಯುದ್ಧದವರಾದ್ರ ರೆಜಿಮೆಂಟಿನ ಹೆಸರ ಬ್ಯಾರೆ, 103, 105, 110, 114, 116, 117 ಅಂತ ನಂಬರಿನ ಮರಾಠಾ ಪಲ್ಟನ್ ಇದ್ವು, 1922ಕ್ಕ ಅವೆಲ್ಲ ಕೂಡಿ 5ನೇ ಮರಾಠಾ ಆದ್ವು. "ಬಸ್ರಾಕ್ಕ ಹೋಗಿದ್ದ" ಅಂತ ಮನ್ಯಾಗ ಹೇಳಿದ್ರ ಮೆಸಪೊಟೇಮಿಯಾ (ಈಗಿನ ಇರಾಕ್), ಅಲ್ಲಿ 6ನೇ ಪೂನಾ ಡಿವಿಜನ್ ಕುಟ್ ಊರಾಗ ಸಿಕ್ಕೊಂಡು 1916ರ ಏಪ್ರಿಲ್ 29ಕ್ಕ ಶರಣಾತು, ಕೈದಿಯಾಗಿ ಹೋದವರು ಬಹಳ ಮಂದಿ. ಊರಾಗ ಹಳೇ ಚಾವಡಿ, ಗುಡಿ ಗ್ವಾಡಿದಾಗ ಅಮೃತಶಿಲೆ ಫಲಕ ಐತೇನು ನೋಡ್ರಿ, "ಈ ಊರಿಂದ ಇಷ್ಟು ಮಂದಿ ಹೋದ್ರು, ಇಷ್ಟು ಮಂದಿ ಜೀವ ಕೊಟ್ರು" ಅಂತ ಬರದಿದ್ದು, ಕೊಂಕಣ, ಸಾತಾರಾ ಕಡೆ ಇಂಥಾವು ಅದಾವ. ಲಾಹೋರಿನ್ಯಾಗ ಸಿಕ್ಕ ಮೂರು ಲಕ್ಷದ ಮ್ಯಾಲಿನ ಹೆಸರಿನ ರಿಜಿಸ್ಟರ್ ಆನ್‌ಲೈನ್ ಬಂದೈತಿ ಅಂತ ಯಾರರ ಲಿಂಕ್ ಕಳಿಸಿದ್ರ ಖುಷಿ ಪಡಬ್ಯಾಡ್ರಿ, ಅದು ಪಂಜಾಬಿನವರದ್ದು. ಸಿಂಗಾಪುರದಾಗ 1942ರ ಫೆಬ್ರವರಿ 15ಕ್ಕ ಸೆರೆ ಸಿಕ್ಕು ಆಜಾದ್ ಹಿಂದ್ ಫೌಜಿಗೆ ಸೇರಿದವರಾದ್ರ ದಿಲ್ಲಿ ರಾಷ್ಟ್ರೀಯ ಪತ್ರಾಗಾರದಾಗ ಐಎನ್‌ಎ ಕಾಗದ ಅದಾವ, ಅಭಿಲೇಖ ಪಟಲ ಅನ್ನೋ ಪೋರ್ಟಲ್‌ದಾಗ ಮೊದಲ ಹುಡುಕ್ರಿ.

ನನ್ನ ಕೆಲಸ ಇನ್ನೂ ಅರ್ಧ ಉಳದೈತಿ. ಅಜ್ಜ ಸರ್ವಿಸ್ ಕೋರ್‌ದಾಗ ಯಾವ ಲಾರಿ ಕಂಪನಿದಾಗ ಇದ್ದ ಅನ್ನೋ ನಂಬರು ಮೆಡಲಿನ್ಯಾಗೂ ಇಲ್ಲ, ಝೆರಾಕ್ಸಿನ್ಯಾಗ ಅದ ಜಾಗಾನ ಕರ್ರಗಾಗೈತಿ, ಅದಿಲ್ಲದ ಡಬ್ಲ್ಯೂಓ 170ರಾಗ ಯಾವ ಡೈರಿ ತಗೀಬೇಕು ಗೊತ್ತಾಗೂದಿಲ್ಲ. ಹುಕ್ಕೇರಿ, ಗೋಕಾಕ, ಚಿಕ್ಕೋಡಿ ಕಡೆಯವರ ಮನ್ಯಾಗ ಲಾರಿ ಮುಂದ ನಿಂತು ತಗಸಿದ ಗ್ರೂಪ್ ಫೋಟೋ ಇದ್ರ ಒಂದ ಸಲ ಹಿಂಭಾಗ ತಿರುವಿ ನೋಡ್ರಿ, ಆರ್‌ಐಎಎಸ್‌ಸಿ ಮುಂದ ಯಾವುದರ ನಂಬರ್ ಇದ್ರ ನನಗ ತಿಳಸ್ರಿ, ಎಡ ಹುಬ್ಬಿನ ಮ್ಯಾಲೆ ಕಲೆ ಇದ್ದವ ಯಾರರ ಅದರಾಗ ನಿಂತಾನೇನು ಅದನ್ನೂ ನೋಡ್ರಿ.